ಆರುವಾಗ ಎಳೆಯುತ್ತದೆ

ಹೋದ ವರ್ಷ ಆಗಸ್ಟಿನ ಒಂದು ಭಾನುವಾರ, ಪುಣೆಯಲ್ಲಿ ಕಬ್ಬಿಣಕ್ಕೆ ಬೆಸುಗೆ ಹಾಕಿ ಮೂರ್ತಿ ಮಾಡಲು ಕಲಿಯುವ ಕ್ಲಾಸಿನಲ್ಲಿ, ನಾನು ಒಂದು ಸರಳನ್ನು ನೆಟ್ಟಗೆ ನಿಲ್ಲಿಸಿ ಮನೆಗೆ ಬಂದೆ. 8 ಎಂ.ಎಂ. ಸರಳು, ಒಂದು ಮೊಳ ಉದ್ದ. ಅಂಗೈ ಅಗಲದ ದಪ್ಪ ಪಟ್ಟಿಯ ಮೇಲೆ ಅದನ್ನು ನಿಲ್ಲಿಸಿ ಬುಡಕ್ಕೆ ಒಂದು ಕಡೆಯಿಂದ ಬೆಸುಗೆ ಹಾಕಿದ್ದೆ. ಹೆಲ್ಮೆಟ್ ಮೇಲೆತ್ತಿ, ಬಡಗಿಗಳು ಮೂಲೆ ನೋಡುವ ಗುಣ್ಯಾ ಹಚ್ಚಿ ನೋಡಿದೆ. ನೇರ ಇತ್ತು. ಕ್ಲಾಸಿನ ಹೊತ್ತು ಮುಗಿದಿತ್ತು, ಹೊರಗೆ ಮಳೆ, ಬಸ್ಸಿನ ಅವಸರ. ಚೀಲ ಎತ್ತಿಕೊಂಡು ಹೊರಟುಬಿಟ್ಟೆ. ಮುಂದಿನ ಭಾನುವಾರ ಹೋಗಿ ನೋಡಿದರೆ ಸರಳು ವಾಲಿತ್ತು. ಬಾಗಿಲಲ್ಲಿ ನಿಂತರೂ ಕಾಣುವಷ್ಟು ವಾಲಿತ್ತು.

ಯಾರಾದರೂ ಮುಟ್ಟಿದರಾ, ಬೀಳಿಸಿದರಾ ಅಂತ ಕೇಳಿದೆ. ಯಾರೂ ಮುಟ್ಟಿರಲಿಲ್ಲ. ಸರ್ ಬಂದು ಬೆರಳಿನಿಂದ ಒತ್ತಿ ನೋಡಿ, ಕಬ್ಬಿಣ ಎಳೆಯುತ್ತೆ, ಅಷ್ಟೇ ಅಂತ ಮರಾಠಿಯಲ್ಲಿ ಹೇಳಿ ಪಕ್ಕದವರ ಕೆಲಸ ನೋಡಲು ಹೋದರು. ಅವರಿಗೆ ಅದು ದಿನಾ ನೋಡುವ ಸಂಗತಿ. ನನಗೆ ಇಡೀ ವಾರ ಅದೇ ತಲೆಯಲ್ಲಿ ಉಳಿಯಿತು. ಆಫೀಸಿನಲ್ಲಿ ಲೆಕ್ಕದ ಹಾಳೆ ನೋಡುವಾಗಲೂ, ಸಿಂಹಗಡ ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಾಗಲೂ, ನಾನು ನೇರ ಮಾಡಿ ಬಂದದ್ದು ನಾನಿಲ್ಲದಾಗ ಹೇಗೆ ವಾಲಿತು ಅನ್ನುವ ಪ್ರಶ್ನೆ.

ಇದಕ್ಕೂ ಮೊದಲು ಎರಡು ವರ್ಷ ಜೇಡಿಮಣ್ಣಿನ ಕ್ಲಾಸಿಗೆ ಹೋಗಿದ್ದೆ. ಮಣ್ಣೂ ಒಣಗುವಾಗ ಕುಗ್ಗುತ್ತದೆ, ಬಿರುಕು ಬಿಡುತ್ತದೆ, ಅದು ಗೊತ್ತಿತ್ತು. ಆದರೆ ಮಣ್ಣು ಹಸಿ ಇರುವಷ್ಟು ಹೊತ್ತು ಮಾತು ಕೇಳುತ್ತದೆ. ಮೂಗು ಉದ್ದ ಆಯ್ತಾ, ಹೆಬ್ಬೆರಳಲ್ಲಿ ಒತ್ತಿದರಾಯ್ತು. ಕಬ್ಬಿಣದಲ್ಲಿ ಕೈ ತಾಗಿಸುವ ಹಾಗೇ ಇಲ್ಲ. ಕೆಲಸ ನಡೆಯುವಾಗ ಅದು ಸುಡುತ್ತಿರುತ್ತದೆ, ನೋಡಬೇಕೆಂದರೆ ಕಪ್ಪು ಗಾಜಿನ ಹಿಂದೆ ಇರಬೇಕು, ಆ ಗಾಜಿನಲ್ಲಿ ಬೆಸುಗೆಯ ಹನಿ ಬಿಟ್ಟರೆ ಬೇರೇನೂ ಕಾಣದು. ಕಾಣದೇ ಕೆಲಸ ಮಾಡಿ, ಆಮೇಲೆ ಗಾಜು ಎತ್ತಿ ಏನಾಯ್ತು ಅಂತ ನೋಡಬೇಕು. ಮಣ್ಣಿನಿಂದ ಬಂದವರಿಗೆ ಇದು ಬಹಳ ಕಷ್ಟ.

ಆದರೂ ಲೋಹಕ್ಕೇ ಬಂದೆ, ಯಾಕೆಂದರೆ ನನಗೆ ನಮ್ಮ ಆಯಿಯನ್ನು ಮಾಡಬೇಕಿತ್ತು. ಗದಗ ಕಡೆಯ ಹಳ್ಳಿಯಲ್ಲಿ ಒಲೆಯ ಮುಂದೆ ಕೂತು ಊದುಗೊಳವೆ ಊದುತ್ತಿದ್ದ ಆಯಿ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಕ್ಲಾಸಿನಲ್ಲಿ ಇದು ನನ್ನ ಆಯಿ ಅಂದಾಗ ಎಲ್ಲರೂ ಅಮ್ಮ ಅಂದುಕೊಂಡರು, ಮರಾಠಿಯಲ್ಲಿ ಆಯಿ ಅಂದರೆ ಅಮ್ಮ ಅಲ್ವಾ. ಮಣ್ಣಿನಲ್ಲಿ ಎರಡು ಸಲ ಅವಳನ್ನು ಮಾಡಿದ್ದೆ. ಎರಡೂ ಸಲ ಗುಂಡಗೆ ಬಂದಳು. ಆಯಿ ಗುಂಡಗೆ ಇರಲಿಲ್ಲ. ಸರಳಿನ ಹಾಗೆ ಇದ್ದಳು.

ರಾಡು ಅಂಟಿಕೊಳ್ಳುವ ದಿನಗಳು

ಕ್ಲಾಸು ನಡೆಯುವುದು ಧಾಯರಿ ಕಡೆಯ ಒಂದು ಶೆಡ್ಡಿನಲ್ಲಿ. ಸುತ್ತಮುತ್ತ ಸಣ್ಣ ಸಣ್ಣ ವರ್ಕ್‌ಶಾಪುಗಳು. ನಾವು 7 ಜನ. ಮೊದಲ ಮೂರು ವಾರ ಯಾರೂ ಏನನ್ನೂ ಮಾಡಲಿಲ್ಲ. ಒಂದು ತುಂಡು ಪಟ್ಟಿಯ ಮೇಲೆ ಗೆರೆ ಎಳೆಯುವುದು, ಇನ್ನೊಂದು ಗೆರೆ, ಮತ್ತೊಂದು. ರಾಡು ಅಂದರೆ ಕರೆಂಟಿನ ಕಿಡಿಯಲ್ಲಿ ತಾನೇ ಕರಗಿ ಬೆಸುಗೆಯಾಗುವ ಕಡ್ಡಿ. ಅದನ್ನು ಬೆಂಕಿಕಡ್ಡಿ ಗೀರಿದ ಹಾಗೆ ಗೀರಬೇಕು, ಕಿಡಿ ಹುಟ್ಟಿದ ಕೂಡಲೇ ಒಂದೆರಡು ಎಂ.ಎಂ. ಮೇಲೆತ್ತಿ ಹಿಡಿಯಬೇಕು. ಜಾಸ್ತಿ ಎತ್ತಿದರೆ ಆರಿಹೋಗುತ್ತದೆ, ಕಡಿಮೆ ಎತ್ತಿದರೆ ರಾಡು ಪಟ್ಟಿಗೇ ಅಂಟಿಕೊಳ್ಳುತ್ತದೆ. ಅಂಟಿಕೊಂಡ ರಾಡು ಮೆಲ್ಲಗೆ ಕೆಂಪಾಗುತ್ತದೆ, ಅದನ್ನು ಹಿಡಿದಿರುವ ಹೋಲ್ಡರನ್ನು ತಿರುಚಿ ಕಿತ್ತುಕೊಳ್ಳಬೇಕು. ಮೊದಲ ದಿನ ನನ್ನ ರಾಡು ಎಷ್ಟು ಸಲ ಅಂಟಿತೋ ಲೆಕ್ಕವಿಲ್ಲ. ಕೈ ನಡುಗುತ್ತಿತ್ತು. ಮೂರನೇ ವಾರ ಒಂದು ಕ್ಷಣ ಸದ್ದು ಬದಲಾಯಿತು. ಕಾದ ಎಣ್ಣೆಗೆ ಮಿರ್ಚಿ ಭಜಿ ಬಿಟ್ಟಾಗ ಬರುವ ಸದ್ದು ಇದೆಯಲ್ಲ, ಒಂದೇ ಸಮ, ಚರ್ರ್ ಅಂತ, ಅದೇ. ಸರ್ ದೂರದಿಂದಲೇ ಕೂಗಿದರು, ಇದೇ ಸದ್ದು, ಇದನ್ನು ಬಿಡಬೇಡ ಅಂತ. ಆಮೇಲೆ ನಾನು ಕಣ್ಣಿಗಿಂತ ಕಿವಿಯನ್ನೇ ನಂಬತೊಡಗಿದೆ.

ರಾಡಿನ ಮೈಮೇಲೆ ಬೂದು ಬಣ್ಣದ ಪುಡಿಯ ಲೇಪ ಇರುತ್ತದೆ. ಅದು ಸುಮ್ನೆ ಇರುವುದಲ್ಲ. ಕರಗಿದ ಕಬ್ಬಿಣಕ್ಕೆ ಗಾಳಿ ತಾಗಿದರೆ ಬೆಸುಗೆ ಟೊಳ್ಳಾಗುತ್ತದೆ, ಕೆಟ್ಟುಹೋಗುತ್ತದೆ. ಲೇಪ ಸುಟ್ಟು ಹೊಗೆಯಾಗಿ ಗಾಳಿಯನ್ನು ದೂರ ಇಡುತ್ತದೆ, ಉಳಿದದ್ದು ಕರಗಿ ಬೆಸುಗೆಯ ಮೇಲೆ ಹೊದಿಕೆಯ ಹಾಗೆ ಕೂರುತ್ತದೆ. ಆ ಹೊದಿಕೆಗೆ ಎಲ್ಲರೂ ಸ್ಲ್ಯಾಗ್ ಅನ್ನುತ್ತಾರೆ, ನಮ್ಮ ಕಮ್ಮಾರರ ಮಾತಿನಲ್ಲಿ ಕಿಟ್ಟ. ಬೆಸುಗೆ ಬೇಗ ಆರದ ಹಾಗೆ ಅದು ಕಾಯುತ್ತದೆ. ಒಳ್ಳೆಯ ಬೆಸುಗೆಯ ಮೇಲಿನ ಕಿಟ್ಟ ಆರುತ್ತಾ ಆರುತ್ತಾ ತಾನೇ ಟಿಕ್ ಟಿಕ್ ಅಂತ ಒಡೆದು ಏಳುತ್ತದೆ. ಕೆಟ್ಟ ಬೆಸುಗೆಯದನ್ನು ಸುತ್ತಿಗೆಯಿಂದ ಕುಟ್ಟಿ ಕುಟ್ಟಿ ತೆಗೆಯಬೇಕು. ಅದರ ಅಡಿಯಲ್ಲಿ ಬೆಸುಗೆ ಕಾಣುತ್ತದೆ. ಒಂದರ ಮೇಲೊಂದು ಒರಗಿಸಿಟ್ಟ ನಾಣ್ಯಗಳ ಸಾಲಿನ ಹಾಗೆ, ಬಿಳಿ, ಬೆಚ್ಚಗೆ. ಮೊದಲ ಸಲ ನನ್ನ ಕೈಯಲ್ಲಿ ಅಂಥ ಒಂದು ಇಂಚು ಬಂದಾಗ ಆ ತುಂಡನ್ನು ಮನೆಗೆ ತಂದು ಪುಸ್ತಕದ ಕಪಾಟಿನಲ್ಲಿ ಇಟ್ಟಿದ್ದೇನೆ.

ಎರಡು ಎಚ್ಚರಿಕೆಯ ಮಾತು ಇಲ್ಲೇ ಹೇಳಿಬಿಡುತ್ತೇನೆ, ಯಾರಾದರೂ ಶುರು ಮಾಡುವವರು ಓದುತ್ತಿದ್ದರೆ. ಒಂದು, ಕಪ್ಪು ಗಾಜಿಲ್ಲದೆ ಒಂದು ಕ್ಷಣವೂ ನೋಡಬಾರದು. ಪಕ್ಕದವರು ಹಚ್ಚಿದಾಗ ಓರೆಗಣ್ಣಲ್ಲಿ ನೋಡುವುದೂ ತಪ್ಪು. ಆಗ ಏನೂ ಆಗುವುದಿಲ್ಲ, ರಾತ್ರಿ ಮಲಗಿದ ಮೇಲೆ ಕಣ್ಣಲ್ಲಿ ಮರಳು ತುಂಬಿದ ಹಾಗೆ ಉರಿ ಏಳುತ್ತದೆ. ಅತಿನೇರಳೆ ಕಿರಣ ಕಣ್ಣಿನ ಮೇಲ್ಪದರವನ್ನು ಸುಟ್ಟಿರುತ್ತದೆ. ನನಗೆ ಒಮ್ಮೆ ಆಗಿದೆ, ಎರಡು ದಿನ ಕಣ್ಣು ಬಿಡಲಾಗಲಿಲ್ಲ. ಎರಡು, ಸತು ಬಳಿದ ಬಕೆಟ್ಟು, ಪೈಪು, ಶೀಟುಗಳಿಗೆ ಹಾಗೇ ಬೆಸುಗೆ ಹಾಕಬಾರದು. ಕಬ್ಬಿಣ ಕರಗಲು ಸುಮಾರು 1,538 ಡಿಗ್ರಿ ಸೆಲ್ಸಿಯಸ್ ಬೇಕು, ಸತು 907 ಡಿಗ್ರಿಗೇ ಕುದಿದು ಹೊಗೆಯಾಗುತ್ತದೆ. ಆ ಬಿಳಿ ಹೊಗೆ ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿಜ್ವರ. ನಮ್ಮಲ್ಲಿ ಒಬ್ಬರು ಮನೆಯ ಹಳೇ ಬಕೆಟ್ಟನ್ನು ಪ್ರೀತಿಯಿಂದ ತಂದಿದ್ದರು, ಸರ್ ಅದನ್ನು ಅಂಗಳಕ್ಕೆ ಹೊರಗೆ ಇಡಿಸಿದರು.

ಕಾಕಾನ ಅಂಗಡಿ

ವಾಲಿದ ಸರಳಿನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕ್ಲಾಸಿನಲ್ಲಿ ಅಲ್ಲ. ಶೆಡ್ಡಿನಿಂದ ಬಸ್‌ಸ್ಟಾಪಿಗೆ ಹೋಗುವ ದಾರಿಯಲ್ಲಿ ಒಂದು ಗ್ರಿಲ್ಲು, ಗೇಟು ಮಾಡುವ ಅಂಗಡಿ ಇದೆ. ದಿನಾ ಅದರ ಮುಂದೆ ಮುಖ ತಿರುಗಿಸಿ ನಡೆಯುತ್ತಿದ್ದೆ, ಕಣ್ಣಿಗೆ ಬೆಳಕು ಹೊಡೆಯಬಾರದು ಅಂತ. ಆ ಭಾನುವಾರ ಹಾಗೆ ಮುಖ ತಿರುಗಿಸಿ ಹೋಗುವಾಗ ಹಿಂದಿನಿಂದ ಒಂದು ದನಿ ಕೇಳಿತು, ಅಂಗಡಿಯವರು ತಮ್ಮ ಹುಡುಗನಿಗೆ ಹೇಳುತ್ತಿದ್ದರು. "ಲೇ ತಮ್ಮಾ, ಮಾರಿ ಆ ಕಡಿ ಮಾಡೋ, ಕಣ್ಣ ಹೊಕ್ಕಾವ!" ನಾನು ಅಲ್ಲೇ ನಿಂತುಬಿಟ್ಟೆ. ಪುಣೆಯಲ್ಲಿ ಕನ್ನಡ ಕೇಳುವುದು ಹೊಸದೇನಲ್ಲ. ಕಟ್ಟಡ ಕಟ್ಟುವಲ್ಲಿ, ತರಕಾರಿ ಗಾಡಿಯ ಹತ್ತಿರ, ಉಡುಪಿ ಹೋಟೆಲ್ಲಿನಲ್ಲಿ ಎಲ್ಲ ಕಡೆ ಕೇಳುತ್ತದೆ. ಆದರೆ ಬೆಸುಗೆಯ ಮಾತನ್ನು ಕನ್ನಡದಲ್ಲಿ ಕೇಳಿದ್ದು ಅದೇ ಮೊದಲು.

"ಕಾಕಾ, ಯಾವೂರ್ರಿ ನಿಮ್ಮದು?" ಅಂದೆ. ಇಂಡಿ ತಾಲ್ಲೂಕು ಅಂದರು. ವಯಸ್ಸು ಅರವತ್ತರ ಮೇಲಿರಬೇಕು. ನಮ್ಮದು ಗದಗ ಅಂದ ಕೂಡಲೇ ಹುಡುಗನಿಗೆ ಚಹಾ ತರಲು ಹೇಳಿದರು. ನಾನು ವೆಲ್ಡಿಂಗ್ ಕಲಿಯುತ್ತಿದ್ದೇನೆ ಅಂದಾಗ ಕೈಯಲ್ಲಿದ್ದ ರಾಡು ಕೆಳಗಿಟ್ಟು ನನ್ನನ್ನು ಪೂರ್ತಿ ನೋಡಿದರು. ಯಾಕೆ ಅಂತ ಕೇಳಲಿಲ್ಲ. ಎಷ್ಟು ಆಂಪಿಯರ್ ಇಟ್ಟು ಹೊಡೀತೀರಿ ಅಂತ ಕೇಳಿದರು. ಎರಡೂವರೆ ಎಂ.ಎಂ. ರಾಡಿಗೆ 80 ಅಂದೆ. ಹೂಂ, ಸರಿ ಐತಿ ಅಂದರು. ನಾನು ವಾಲಿದ ಸರಳಿನ ಕತೆ ಹೇಳಿದೆ.

ಕಾಕಾ ಮಾತಿನಲ್ಲಿ ಉತ್ತರ ಕೊಡಲಿಲ್ಲ. ಒಂದು ಅಡಿ ಉದ್ದದ ಪಟ್ಟಿ ತುಂಡು ತೆಗೆದುಕೊಂಡರು, ನೆಲದ ಮೇಲಿನ ದಪ್ಪ ಕಬ್ಬಿಣದ ಹಲಗೆಯ ಮೇಲೆ ಇಟ್ಟರು. ಬೆರಳಲ್ಲಿ ಒತ್ತಿ ತೋರಿಸಿದರು, ಎಲ್ಲೂ ಅಲುಗಾಡುತ್ತಿಲ್ಲ, ಪೂರ್ತಿ ಕೂತಿದೆ. ಪಟ್ಟಿಯ ಮೇಲ್ಮೈಗೆ ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿನಲ್ಲಿ ಬೆಸುಗೆಯ ಗೆರೆ ಎಳೆದರು. ಎಂಥ ಗೆರೆ ಅಂತೀರಿ, ನೂಲು ಹಿಡಿದು ಎಳೆದ ಹಾಗೆ. ಎಳೆದು, ರಾಡು ಬದಿಗಿಟ್ಟು, ಚಹಾ ಕುಡಿಯತೊಡಗಿದರು. ನಾನು ಪಟ್ಟಿಯನ್ನೇ ನೋಡುತ್ತಿದ್ದೆ. ಕೆಂಪು ಹೋಯಿತು. ಕಿಟ್ಟ ಟಿಕ್ ಅಂತು, ಒಂದು ಚೂರು ಹಾರಿ ಬಿತ್ತು. ಮತ್ತೆ ಟಿಕ್. ಚಹಾ ಮುಗಿಯುವ ಹೊತ್ತಿಗೆ ಪಟ್ಟಿಯ ಎರಡೂ ತುದಿಗಳು ಹಲಗೆಯಿಂದ ಮೇಲೆದ್ದಿದ್ದವು. ದೋಣಿಯ ಹಾಗೆ. ಕಾಕಾ ಜೇಬಿನಿಂದ ಎರಡು ನಾಣ್ಯ ತೆಗೆದು ಒಂದರ ಮೇಲೊಂದು ಇಟ್ಟು ತುದಿಯ ಅಡಿಗೆ ತಳ್ಳಿದರು. ಸಲೀಸಾಗಿ ಹೋದವು.

"ಬೆಂಕಿ ಹಚ್ಚಿದಾಗ ಹಿಗ್ಗತೈತಿ, ಅದು ಎಲ್ಲಾರಿಗೂ ಗೊತ್ತೈತಿ ಅಕ್ಕಾರ. ಆರೂ ಮುಂದ ಎಳೀತೈತಿ. ಎಷ್ಟು ಎಳೀತೈತಿ, ಯಾ ಕಡಿ ಎಳೀತೈತಿ, ಅದನ್ನ ಮೊದಲ ತಲ್ಯಾಗ ಇಟ್ಕೋಬೇಕು. ನೀವು ನೆಟ್ಟಗ ಇಟ್ಟೀರಿ, ಅದಕ್ಕ ಸೊಟ್ಟ ಆಗೇತಿ. ಸ್ವಲ್ಪ ಸೊಟ್ಟ ಇಡ್ರಿ, ಅದ ನೆಟ್ಟಗ ಆಕ್ಕೈತಿ."

ಆ ರಾತ್ರಿ ಕೂತು ಯೋಚಿಸಿದಾಗ ಯಾಕೆ ಅನ್ನುವುದೂ ಅರ್ಥವಾಯಿತು. 1 ಮೀಟರ್ ಕಬ್ಬಿಣವನ್ನು 100 ಡಿಗ್ರಿ ಕಾಯಿಸಿದರೆ ಸುಮಾರು 1.2 ಎಂ.ಎಂ. ಹಿಗ್ಗುತ್ತದೆ, ಆರಿದರೆ ಅಷ್ಟೇ ಕುಗ್ಗಿ ಮೊದಲಿನ ಹಾಗೇ ಆಗುತ್ತದೆ. ಪೂರ್ತಿ ಕಾಯಿಸಿದರೆ ಲೆಕ್ಕ ಸರಿಹೋಯಿತು. ಆದರೆ ಬೆಸುಗೆಯಲ್ಲಿ ಕಾಯುವುದು ಒಂದು ಗೆರೆ ಮಾತ್ರ. ಆ ಗೆರೆ ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆಯ ಕಬ್ಬಿಣ ಬಿಡುವುದಿಲ್ಲ. ಆಗ ಅದು ಮೆತ್ತಗಿರುತ್ತದಲ್ಲ, ಒಳಗೊಳಗೇ ಒತ್ತಿಕೊಂಡು ಗಿಡ್ಡವಾಗುತ್ತದೆ. ಆರಿದಾಗ ಮೊದಲಿದ್ದದ್ದಕ್ಕಿಂತ ಇನ್ನೂ ಗಿಡ್ಡ. ತನ್ನ ಜೊತೆ ಪಕ್ಕದ್ದನ್ನೂ ಎಳೆದುಕೊಳ್ಳುತ್ತದೆ. ನನ್ನ ಸರಳಿನ ಬುಡಕ್ಕೆ ನಾನು ಒಂದೇ ಕಡೆ ಬೆಸುಗೆ ಹಾಕಿದ್ದೆ, ಆ ಕಡೆಗೇ ವಾಲಿತು. ನಾನು ಗುಣ್ಯಾ ಹಚ್ಚಿ ನೋಡಿದಾಗ ಅದು ಇನ್ನೂ ಸುಡುತ್ತಿತ್ತು. ನಾನು ಶೆಡ್ಡಿನ ಗೇಟು ದಾಟುವಷ್ಟರಲ್ಲೇ ವಾಲಿರಬೇಕು.

ಆಮೇಲೆ ಪ್ರತಿ ಭಾನುವಾರ ಕ್ಲಾಸು ಮುಗಿಸಿ ಅರ್ಧ ಗಂಟೆ ಕಾಕಾನ ಅಂಗಡಿಯಲ್ಲಿ ಕೂರುವುದು ರೂಢಿಯಾಯಿತು. ಗೇಟಿನ ಚೌಕಟ್ಟು ಮಾಡುವಾಗ ಅವರು ಮೊದಲು ನಾಲ್ಕೂ ಮೂಲೆಗೆ ಬರೀ ಟ್ಯಾಕ್ ಹಾಕುತ್ತಾರೆ, ಅಂದರೆ ಒಂದು ಚುಕ್ಕಿಯಷ್ಟು ಬೆಸುಗೆ. ಟೇಪು ಹಿಡಿದು ಮೂಲೆಯಿಂದ ಎದುರು ಮೂಲೆಗೆ ಅಳೆಯುತ್ತಾರೆ, ಎರಡೂ ಅಳತೆ ಒಂದೇ ಬಂದರೆ ಚೌಕಟ್ಟು ಸರಿ. ಪೂರ್ತಿ ಬೆಸುಗೆ ಹಾಕುವಾಗ ಒಂದು ಮೂಲೆ, ಆಮೇಲೆ ಅದರ ಎದುರಿನದು, ಹೀಗೆ ಹಾರಿ ಹಾರಿ ಹೋಗುತ್ತಾರೆ. ಒಂದು ಕಡೆ ಎಳೆದದ್ದನ್ನು ಇನ್ನೊಂದು ಕಡೆ ಎಳೆದು ಸರಿದೂಗಿಸುತ್ತದೆ. ಸರಳಿನ ತೂಕಕ್ಕೆ ಅವರು ತಕ್ಕಡಿ ನೋಡುವುದಿಲ್ಲ. ಎಂ.ಎಂ. ದಪ್ಪವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ. 8 ಎಂಟಲೆ 64, 162ರಿಂದ ಭಾಗಿಸಿದರೆ 395 ಗ್ರಾಂ. ಬಾಯಲ್ಲೇ ಹೇಳುತ್ತಾರೆ. ಒಮ್ಮೆ ಒಂದು ಬಾಗಿದ ಪೈಪನ್ನು ಸುತ್ತಿಗೆ ಮುಟ್ಟಿಸದೇ ನೇರ ಮಾಡಿದರು. ಉಬ್ಬಿದ ಕಡೆಗೆ ಗ್ಯಾಸಿನ ಉರಿ ಹಿಡಿದು ರೂಪಾಯಿ ಅಗಲದಷ್ಟು ಜಾಗ ಕೆಂಪಗೆ ಮಾಡಿದರು, ಆರಲು ಬಿಟ್ಟರು. ಆ ಜಾಗ ಕುಗ್ಗಿ ಇಡೀ ಪೈಪನ್ನು ಹಿಂದಕ್ಕೆ ಎಳೆದುಕೊಂಡಿತು. ಹಡಗು ಕಟ್ಟುವಲ್ಲಿ ದಪ್ಪ ದಪ್ಪ ತಗಡುಗಳನ್ನು ಬಗ್ಗಿಸುವುದೂ ಇದೇ ರೀತಿಯಲ್ಲಿ.

1928

ಗೇಟು ಮಾಡುವವರಿಂದ ಮೂರ್ತಿಯ ಪಾಠ ಕಲಿಯುತ್ತಿದ್ದೇನೆ ಅಂತ ಕ್ಲಾಸಿನಲ್ಲಿ ಹೇಳಿದಾಗ ಒಬ್ಬರು, ಅದು ಬರೀ ಫ್ಯಾಬ್ರಿಕೇಶನ್ ಅಲ್ವಾ ಅಂದರು. ಆ ಮಾತು ನನಗೆ ಸರಿ ಅನ್ನಿಸಲಿಲ್ಲ. ಬೆಸುಗೆಯ ಶಿಲ್ಪ ಶುರುವಾದದ್ದೇ ಕಾರ್ಖಾನೆಯ ಕೆಲಸದಿಂದ. ಬಾರ್ಸಿಲೋನಾದ ಶಿಲ್ಪಿ ಹೂಲಿಯೊ ಗೊನ್ಸಾಲೆಸ್ ಹುಟ್ಟಿದ್ದು 1876ರಲ್ಲಿ, ಲೋಹದ ಕೆಲಸದವರ ಮನೆಯಲ್ಲಿ. ಗ್ಯಾಸ್ ವೆಲ್ಡಿಂಗ್ ಕಲಿತದ್ದು 1918ರಲ್ಲಿ, ಪ್ಯಾರಿಸ್ ಹತ್ತಿರದ ರೆನೋ ಕಾರ್ಖಾನೆಯಲ್ಲಿ. ಹತ್ತು ವರ್ಷದ ಮೇಲೆ, 1928ರಲ್ಲಿ, ಪಿಕಾಸೊಗೆ ಕಬ್ಬಿಣದಲ್ಲಿ ಕೆಲಸ ಮಾಡಬೇಕಾದಾಗ ಅವರು ಹೋದದ್ದು ಈ ಗೊನ್ಸಾಲೆಸ್ ಹತ್ತಿರ. ಅಷ್ಟು ದೊಡ್ಡ ಕಲಾವಿದರಿಗೂ ಬೆಸುಗೆಯ ಕೈ ಬೇರೆಯವರದೇ ಬೇಕಾಯಿತು. ಗೊನ್ಸಾಲೆಸ್ ತಮ್ಮ ದೊಡ್ಡ ಕೆಲಸಗಳನ್ನು ಮಾಡಿದ್ದು ಅದಾದ ಮೇಲೆ, ಐವತ್ತು ದಾಟಿ. ಅಮೆರಿಕದ ಶಿಲ್ಪಿ ಡೇವಿಡ್ ಸ್ಮಿತ್ ಕೂಡ ಹುಡುಗನಾಗಿದ್ದಾಗ ಕಾರಿನ ಕಾರ್ಖಾನೆಯಲ್ಲಿ ದುಡಿದವರು, ಎರಡನೇ ಮಹಾಯುದ್ಧದ ಕಾಲದಲ್ಲಿ ರೈಲು ಎಂಜಿನ್ನಿನ ಕಾರ್ಖಾನೆಯಲ್ಲಿ ಟ್ಯಾಂಕುಗಳಿಗೆ ಬೆಸುಗೆ ಹಾಕಿದವರು. ನಮ್ಮ ದೇಶದಲ್ಲಿ ಶಿಲ್ಪಿ ಮೀರಾ ಮುಖರ್ಜಿ ಜರ್ಮನಿಯಲ್ಲಿ ಓದಿ ಬಂದ ಮೇಲೂ ಬಸ್ತರಿಗೆ ಹೋಗಿ ಅಲ್ಲಿನ ಎರಕದವರ ಹತ್ತಿರ ಕೂತು ಕಲಿತರು.

ಅದೇ 1928ರಲ್ಲಿ ನಮ್ಮ ಪುಣೆಯಲ್ಲಿ ವಿ.ಪಿ. ಕರ್ಮರ್ಕರ್ ಮಾಡಿದ ಶಿವಾಜಿ ಮಹಾರಾಜರ ಕುದುರೆ ಸವಾರಿಯ ಕಂಚಿನ ಮೂರ್ತಿ ನಿಂತಿತು, ಶಿವಾಜಿನಗರದ ಮಿಲಿಟರಿ ಶಾಲೆಯ ಅಂಗಳದಲ್ಲಿ. ಅದು ಎರಕದ ಕೆಲಸ. ನಾಗಮಂಗಲದ ಎರಕದವರು ಮಾಡುವ ಹಾಗೆ ಮೇಣದ ಅಚ್ಚು ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ತೆಗೆದು ಕರಗಿದ ಕಂಚು ಹೊಯ್ಯುವುದು ಎರಕದ ಒಂದು ದಾರಿ. ಹೇಗೆ ಎರೆದರೂ ಕಂಚು ಆರುವಾಗ ಕುಗ್ಗುತ್ತದೆ. ಅಳತೆ ಸರಿಯಾಗಿ ಬರಬೇಕಿದ್ದರೆ ಅಚ್ಚನ್ನು ನೂರಕ್ಕೆ ಒಂದೆರಡು ಪಾಲು ದೊಡ್ಡದಾಗಿಯೇ ಮಾಡಬೇಕು. ಇದನ್ನು ತಿಳಿದಾಗ ನನಗೆ ಕಾಕಾನ ಎರಡು ನಾಣ್ಯ ನೆನಪಾಯಿತು. ಪುಣೆಯ ಕಸಬಾ ಪೇಟೆಯ ತಾಂಬಟ್ ಆಳಿ ಅನ್ನುವ ಓಣಿಗೆ ಹೋದಾಗಲೂ ಇದೇ ಯೋಚನೆ. ಅಲ್ಲಿ ಪೇಶ್ವೆಗಳ ಕಾಲದಿಂದ ತಾಮ್ರದ ಪಾತ್ರೆ ಬಡಿಯುವವರಿದ್ದಾರೆ. ಪಾತ್ರೆಯ ಮೈಮೇಲೆ ಸುತ್ತಿಗೆಯಿಂದ ಒತ್ತೊತ್ತಾಗಿ ಹೊಳೆಯುವ ಗುಳಿ ಬೀಳಿಸುತ್ತಾರೆ, ಅದಕ್ಕೆ ಮಠಾರ್ ಅನ್ನುತ್ತಾರೆ. ತಾಮ್ರ ಬಡಿದಷ್ಟೂ ಗಟ್ಟಿಯಾಗುತ್ತದೆ, ಇನ್ನೂ ಬಡಿದರೆ ಬಿರುಕು. ಅದಕ್ಕೇ ನಡುನಡುವೆ ಕೆಂಪಗೆ ಕಾಯಿಸಿ ಆರಿಸುತ್ತಾರೆ, ಆಗ ಮತ್ತೆ ಮೆತ್ತಗಾಗುತ್ತದೆ. ಗಟ್ಟಿ ಉಕ್ಕಿನ ಕುಡುಗೋಲನ್ನು ಕಾಯಿಸಿ ನೀರಿಗೆ ಅದ್ದಿದರೆ ಇನ್ನೂ ಗಟ್ಟಿಯಾಗುತ್ತದೆ, ತಾಮ್ರ ಅದಕ್ಕೆ ಉಲ್ಟಾ. ಎಲ್ಲ ಕಡೆ ನಾವು ಬೆಂಕಿಯನ್ನೇ ನೋಡುತ್ತೇವೆ, ಕಿಡಿಯದೇ ಫೋಟೋ ತೆಗೆಯುತ್ತೇವೆ. ಕಸುಬಿನವರು ನೋಡುವುದು ಆರುವುದನ್ನು. ನನಗೆ ಈ ಒಂದು ವರ್ಷದಲ್ಲಿ ತಿಳಿದ ದೊಡ್ಡ ವಿಷಯ ಇದು, ಇದನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಆಯಿಯ ಬೆನ್ನು

ಆಯಿಯ ಒಲೆ ಅಡುಗೆಮನೆಯ ಮೂಲೆಯಲ್ಲಿತ್ತು. ಉರಿಸುತ್ತಿದ್ದದ್ದು ಹತ್ತಿ ಕಟ್ಟಿಗೆ. ಹತ್ತಿ ಬಿಡಿಸಿದ ಮೇಲೆ ಹೊಲದಿಂದ ಕಿತ್ತು ತಂದು ಹಿತ್ತಲಲ್ಲಿ ಒಟ್ಟುತ್ತಿದ್ದರು, ಮನೆಯಷ್ಟು ಎತ್ತರಕ್ಕೆ. ಬೇಗ ಹತ್ತುತ್ತದೆ, ಬೇಗ ಉರಿದೂ ಹೋಗುತ್ತದೆ. ರೊಟ್ಟಿ ಬಡಿಯುವಾಗ ಉರಿ ಇಳಿಯುತ್ತಲೇ ಇರುತ್ತಿತ್ತು, ಆಯಿ ಬಾಗಿ ಊದುತ್ತಲೇ ಇರುತ್ತಿದ್ದಳು. ಕಬ್ಬಿಣದ ಕೊಳವೆ, ಬಾಯಿ ಇಡುವ ತುದಿ ಸವೆದು ನುಣ್ಣಗಾಗಿತ್ತು. ಊದಿದಾಗ ಕೆಂಡ ಕೆಂಪಗೆ, ಉಸಿರು ಬಿಟ್ಟಾಗ ಕಪ್ಪಗೆ, ಮತ್ತೆ ಊದಿದಾಗ ಮತ್ತೆ ಕೆಂಪಗೆ. ನಾನು ಪಕ್ಕದಲ್ಲಿ ಕೂತು ಆ ಕೆಂಪನ್ನೇ ನೋಡುತ್ತಿದ್ದೆ. ಅವಳ ಬೆನ್ನನ್ನು ಆಗ ನೋಡಿದ್ದೇನೆ ಅಂತ ಅನ್ನಿಸುವುದಿಲ್ಲ. ಆದರೂ ಈಗ ಕಣ್ಣು ಮುಚ್ಚಿದರೆ ಮೊದಲು ಬರುವುದು ಬೆನ್ನು.

ಕಬ್ಬಿಣದಲ್ಲಿ ಆ ಬೆನ್ನಿಗಾಗಿ 5 ಎಂ.ಎಂ. ದಪ್ಪದ ಪಟ್ಟಿ ತೆಗೆದುಕೊಂಡೆ. ಮೇಜಿಗೆ ಕೂರಿಸಿದ ಇಕ್ಕಳದಂಥ ವೈಸಿನಲ್ಲಿ ಬಿಗಿಯಾಗಿ ಹಿಡಿದು ಸುತ್ತಿಗೆಯಿಂದ ಬಗ್ಗಿಸಿದೆ. ಬಾಗಿತು, ಆದರೆ ಒಂದೇ ಜಾಗದಲ್ಲಿ ಮೊಣಕೈ ಮಡಚಿದ ಹಾಗೆ ಬಾಗಿತು. ಹೊರಗಿನಿಂದ ಯಾರೋ ಹೊಡೆದು ಬಗ್ಗಿಸಿದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಎರಡನೇ ಪಟ್ಟಿಯೂ ಹಾಗೇ. ಮೂರನೆಯದನ್ನು ವೈಸಿಗೆ ಹಾಕದೇ ಕಾಕಾನ ಹತ್ತಿರ ಒಯ್ದೆ, ಏನು ಬೇಕು ಅಂತ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದೆ. ಅವರು ಸೀಮೆಸುಣ್ಣ ಕೊಟ್ಟರು. "ಎಲ್ಲಿ ಎಳೀಬೇಕೋ ಅಲ್ಲಿ ಗೆರಿ ಹಾಕ್ರಿ."

ಹೊಟ್ಟೆಯ ಕಡೆಗೆ ಅಡ್ಡಡ್ಡ ಗೆರೆ ಹಾಕಿದೆ. ಸೊಂಟದ ಹತ್ತಿರ ದೂರ ದೂರ, ಕತ್ತಿನ ಹತ್ತಿರ ಬರುತ್ತಾ ಒತ್ತೊತ್ತಾಗಿ. ಕ್ಲಾಸಿನಲ್ಲಿ ಪ್ರತಿ ಗೆರೆಯ ಮೇಲೂ ಒಂದೊಂದು ಬೆಸುಗೆ ಹಾಕಿದೆ. ಒಂದು ಹಾಕುವುದು, ಕೂತು ಕಾಯುವುದು, ಟಿಕ್ ಟಿಕ್ ಕೇಳುವುದು, ಪೂರ್ತಿ ಆರಿದ ಮೇಲೆ ಅಂಗೈ ಇಟ್ಟು ನೋಡುವುದು, ಆಮೇಲೆ ಮುಂದಿನದು. ಒಂದೊಂದೂ ಎಳೆದದ್ದು ಬಹಳ ಸ್ವಲ್ಪ, ಕಣ್ಣಿಗೆ ಕಾಣದಷ್ಟು. ಮೊದಲ ಭಾನುವಾರ 7, ಮುಂದಿನ ಭಾನುವಾರ ಅವುಗಳ ನಡುವೆ ಇನ್ನೊಂದು ಸುತ್ತು, ಅದರ ಮುಂದಿನ ವಾರ ಕತ್ತಿನ ಹತ್ತಿರ ಮತ್ತೆ ಮೂರು. ನಾಲ್ಕನೇ ವಾರ ಪಟ್ಟಿಯನ್ನು ಮೇಜಿನ ಮೇಲೆ ನಿಲ್ಲಿಸಿ ದೂರ ಹೋಗಿ ತಿರುಗಿ ನೋಡಿದೆ. ಎಲ್ಲಿಂದ ಬಾಗು ಶುರುವಾಗುತ್ತದೆ ಅಂತ ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಒಳಗಿನಿಂದ ಯಾವುದೋ ಎಳೆದುಕೊಂಡ ಹಾಗಿತ್ತು. ನನ್ನ ಗಂಟಲು ಕಟ್ಟಿತು. ಆಯಿ ಹೋಗಿ 19 ವರ್ಷ ಆಗಿದೆ.

ಉಳಿದದ್ದು ಬೇಗ ಬೇಗ ಆಯಿತು. ಕಾಲಿಗೆ ಸರಳು, ಸೆರಗಿಗೆ 16 ಗೇಜಿನ ತಗಡು, ಕೊಳವೆಗೆ ಕಾಕಾನ ಗುಜರಿ ಡಬ್ಬದಲ್ಲಿ ಸಿಕ್ಕ ಸಣ್ಣ ಪೈಪು. ಬೆಸುಗೆಗಳನ್ನು ಉಜ್ಜಿ ನುಣ್ಣಗೆ ಮಾಡಬೇಕೋ ಹಾಗೇ ಬಿಡಬೇಕೋ ಅನ್ನುವುದರ ಮೇಲೆ ಸರ್‌ಗೂ ಕಾಕಾನಿಗೂ ಬೇರೆ ಬೇರೆ ಅಭಿಪ್ರಾಯ. ಸರ್ ಹೇಳುವುದು, ಕೆಲಸದ ಗುರುತು ಕಾಣಲಿ, ಅದೇ ಚೆಂದ. ಕಾಕಾ ಹೇಳುವುದು, ಗ್ರೈಂಡರ್ ಹಿಡಿದು ಉಜ್ಜದ ಬೆಸುಗೆಗೆ ಯಾವ ಗಿರಾಕಿಯೂ ದುಡ್ಡು ಕೊಡುವುದಿಲ್ಲ, ಕೈ ಹಾಕಿದರೆ ತರಚುತ್ತದೆ. ಇಬ್ಬರ ಮಾತಿನಲ್ಲೂ ನ್ಯಾಯ ಇದೆ ಅನ್ನಿಸುತ್ತದೆ. ಗೇಟನ್ನು ಮಕ್ಕಳು ದಿನಾ ಮುಟ್ಟುತ್ತಾರೆ. ನಾನು ಹೊಟ್ಟೆಯ ಕಡೆಯ ಗೆರೆಗಳನ್ನು ಹಾಗೇ ಬಿಟ್ಟೆ, ಮುಖ ಮತ್ತು ಕೈಗಳನ್ನು ಉಜ್ಜಿದೆ. ಪುಣೆಯ ಮಳೆಗಾಲದಲ್ಲಿ ಉಜ್ಜಿದ ಕಬ್ಬಿಣ ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ, ಅದಕ್ಕೆ ಹದವಾಗಿ ಕಾಯಿಸಿ ಬಟ್ಟೆಯಿಂದ ಅಗಸೆ ಎಣ್ಣೆ ಸವರಿದೆ. ಮನೆಯಲ್ಲಿ ಹೊಸ ಹಂಚಿಗೆ ಎಣ್ಣೆ ಕುಡಿಸುತ್ತೇವಲ್ಲ, ಅದೇ ರೀತಿ. ಎಣ್ಣೆ ಸುಟ್ಟು ಕಪ್ಪಗೆ ಕೂತಿತು. ಶೆಡ್ಡೆಲ್ಲ ಅಗಸಿ ಚಟ್ನಿ ಹುರಿದ ವಾಸನೆ.

ಕ್ಲಾಸಿನವರು ನೋಡಿ ಚೆನ್ನಾಗಿದೆ ಅಂದರು, ಕೊಳಲು ಊದುತ್ತಿದ್ದಾಳಾ ಅಂತ ಕೇಳಿದರು. ಅಲ್ಲ ಅಂತ ಒಲೆಯ ವಿಷಯ ವಿವರಿಸಿದೆ. ಮನಸ್ಸು ಸ್ವಲ್ಪ ಸಪ್ಪಗಾಯಿತು, ನಿಜ. ಹೊರಡುವಾಗ ಅದನ್ನು ಕಾಕಾನ ಅಂಗಡಿಯ ಮುಂದೆ ಇಳಿಸಿದೆ. ಅವರು ಕನ್ನಡಕ ಹಾಕಿಕೊಂಡರು, ಸುತ್ತ ಒಂದು ಸಲ ನೋಡಿದರು. "ಒಲಿ ಊದಾಕತ್ತಾಳಲ್ಲ," ಅಂದರು. "ಕಟಗಿ ಹಸಿ ಇರಬೇಕು. ಭಾಳ ಬಗ್ಗ್ಯಾಳ."

ದೀಪಾವಳಿಗೆ ಅವ್ವ ಊರಿನಿಂದ ಬಂದಳು. ಬಾಲ್ಕನಿಯಲ್ಲಿ ಇಟ್ಟಿದ್ದ ಮೂರ್ತಿಯ ಮುಂದೆ ಮಾತಿಲ್ಲದೆ ಬಹಳ ಹೊತ್ತು ಕೂತಿದ್ದಳು. ತನ್ನ ತಾಯಿಯನ್ನು ಗುರುತು ಹಿಡಿದಳು, ಅದರಲ್ಲಿ ನನಗೆ ಅನುಮಾನವಿಲ್ಲ. ಬೆನ್ನಿನ ಮೇಲೆ ಕೈಯಾಡಿಸಿದಳು. ಆಮೇಲೆ ಎಡಗೈ ತೋರಿಸಿ, "ಇದು ಹಿಂಗ ಇರ್ತಿದ್ದಿಲ್ಲ" ಅಂದಳು. ನಾನು ಎಡಗೈಯನ್ನು ಮೊಣಕಾಲಿನ ಮೇಲೆ ಇಟ್ಟಿದ್ದೆ. ಅವ್ವ ಒಳಗೆ ಹೋಗಿ ಲಟ್ಟಣಿಗೆ ತಂದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು, ಎಪ್ಪತ್ತರ ವಯಸ್ಸಿನಲ್ಲಿ. ಬಲಗೈಯಲ್ಲಿ ಲಟ್ಟಣಿಗೆಯನ್ನು ಬಾಯಿಗೆ ಹಿಡಿದಳು, ಎಡಗೈಯಲ್ಲಿ ಸೆರಗನ್ನು ಮುದುರಿ ಹೊಟ್ಟೆಗೆ ಒತ್ತಿ ಹಿಡಿದಳು. "ಅವ್ವ ಸೆರಗ ಹಿಂಗ ಹಿಡಕೊಂಡಿರ್ತಿದ್ಲು. ಇಲ್ಲಾಂದ್ರ ಒಲ್ಯಾಗ ಬೀಳ್ತಿತ್ತು."

ಒಂದು ದಾರ ತಂದು ಅವ್ವನ ಭುಜದಿಂದ ಮೊಣಕೈಗೆ, ಮೊಣಕೈಯಿಂದ ಹೊಟ್ಟೆಗೆ ಅಳತೆ ತೆಗೆದೆ. ಹೋದ ಭಾನುವಾರ ಎಡಗೈಯನ್ನು ಭುಜದ ಹತ್ತಿರ ಕತ್ತರಿಸಿದೆ, ಹೊಸದು ಮಾಡಿದೆ. ಭುಜದ ಬೆಸುಗೆ ಒಳಗಡೆಯಿಂದ ಹಾಕಬೇಕು, ಅಂದರೆ ತೋಳು ಮೈಯ ಕಡೆಗೆ ಎಳೆಯುತ್ತದೆ. ಅದಕ್ಕೆ ಅಂಗೈಯನ್ನು ಸೆರಗಿನಿಂದ ಎರಡು ನಾಣ್ಯದಷ್ಟು ದೂರ ಇಟ್ಟು ಟ್ಯಾಕ್ ಹಾಕಿ ಬಂದಿದ್ದೇನೆ. ನಾಳೆ ಭಾನುವಾರ. ಪೂರ್ತಿ ಬೆಸುಗೆ ಹಾಕಿ, ಬಸ್ಸು ಹೋದರೂ ಪರವಾಗಿಲ್ಲ, ಆರುವ ತನಕ ಪಕ್ಕದಲ್ಲೇ ಕೂರುತ್ತೇನೆ.